ಕೋರ್ಸ್ ಸೇರುವ ಮೊದಲು ಕೆಲಸದ ನೋಟಿಫಿಕೇಶನ್ ಓದಿ

ಬೆಂಗಳೂರಿನ ಲಗ್ಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ರಿಸಲ್ಟ್ ಬಂದ ಮರುದಿನದಿಂದಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳು ಅಪ್ಪ ಅಮ್ಮನ ಜೊತೆ ಬರಲು ಶುರು ಮಾಡುತ್ತಾರೆ. "ಅಕ್ಕಾ, ಯಾವ ಕೋರ್ಸಿಗೆ ಹಾಕಿದರೆ ಒಳ್ಳೇದು?" ಅಂತ ಕೇಳುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಅದೇ ಮಕ್ಕಳು ಕೆಲಸದ ಅರ್ಜಿ ಹಾಕಿಸಲು ಬರುತ್ತಾರೆ. ಸೇರುವಾಗಲೂ ನೋಡುತ್ತೇನೆ, ಮುಗಿಸಿ ಬಂದಾಗಲೂ ನೋಡುತ್ತೇನೆ. ಅದರಿಂದಲೇ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಕೋರ್ಸಿನ ಜಾಹೀರಾತು ನೋಡುವ ಮೊದಲು ಕೆಲಸದ ನೋಟಿಫಿಕೇಶನ್, ಅಂದರೆ ನೇಮಕಾತಿ ಪ್ರಕಟಣೆ ಓದಿ. ಅಲ್ಲಿ ಏನು ಕೇಳಿದ್ದಾರೋ ಅಲ್ಲಿಂದ ಹಿಂದಕ್ಕೆ ಬನ್ನಿ.

ಯಾಕೆ ಅಂತ ಹೇಳುತ್ತೇನೆ. ಕೆಲಸದ ಆನ್‌ಲೈನ್ ಅರ್ಜಿಯಲ್ಲಿ 'ವಿದ್ಯಾರ್ಹತೆ' ಅನ್ನುವ ಜಾಗ ಒತ್ತಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ನಿಮ್ಮ ಓದು ಇದ್ದರೆ ಒತ್ತಿ ಮುಂದೆ ಹೋಗಬಹುದು. ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಯಾರನ್ನೂ ಕೇಳಿಕೊಳ್ಳುವ ಹಾಗಿಲ್ಲ. ಒಬ್ಬ ಹುಡುಗ ಖಾಸಗಿ ಸೆಂಟರ್ ಒಂದರಲ್ಲಿ 'ಅಡ್ವಾನ್ಸ್ಡ್ ಡಿಪ್ಲೊಮಾ' ಮಾಡಿಕೊಂಡು ಬಂದಿದ್ದ. ದಪ್ಪ ಕಾಗದ, ಬಂಗಾರದ ಬಣ್ಣದ ಸೀಲು, ಫೋಟೋ ಎಲ್ಲ ಇತ್ತು. ಪಟ್ಟಿಯಲ್ಲಿದ್ದದ್ದು ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ. ಅವನದು ಅದಲ್ಲ. ಅವನ ತಾಯಿ ಗಾರ್ಮೆಂಟ್ಸ್‌ನಲ್ಲಿ ಓವರ್‌ಟೈಮ್ ಮಾಡಿ ಆ ಫೀಸು ಕಟ್ಟಿದ್ದರು. ಆ ತಾಯಿಯ ಮುಖ ನೆನಪಾದಾಗಲೆಲ್ಲ ಈ ವಿಷಯ ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ.

ಹಾಗಾಗಿ ಮೊದಲ ಕೆಲಸ ಇದು. ಮಗುವಿಗೆ ಇಷ್ಟ ಆಗುವ ಎರಡು ಮೂರು ಕೆಲಸ ಬರೆದುಕೊಳ್ಳಿ. ಅವುಗಳ ಹಳೆಯ ನೋಟಿಫಿಕೇಶನ್ ಹುಡುಕಿ. ಇಲಾಖೆಗಳ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳವು ಸಿಗುತ್ತವೆ. ಉದ್ದ ಇದೆ ಅಂತ ಹೆದರಬೇಡಿ. ವಿದ್ಯಾರ್ಹತೆ, ಟ್ರೇಡ್ (ಐಟಿಐಯಲ್ಲಿ ಕಲಿಯುವ ಕಸುಬು) ಅಥವಾ ಬ್ರಾಂಚ್, ವಯಸ್ಸು, ಕನ್ನಡ ಪರೀಕ್ಷೆ ಇದೆಯೋ ಇಲ್ಲವೋ, ಇಷ್ಟು ನೋಡಿದರೆ ಸಾಕು.

ನಮ್ಮ ಊರಿನ ಮೆಟ್ರೋವನ್ನೇ ತೆಗೆದುಕೊಳ್ಳಿ. ಮೇಂಟೇನರ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆಗೆ ಎರಡು ವರ್ಷದ ಐಟಿಐ ಕೇಳುತ್ತಾ ಬಂದಿದ್ದಾರೆ. ರೈಲು ಓಡಿಸುವ ಟ್ರೈನ್ ಆಪರೇಟರ್ ಆಗಬೇಕಾದರೆ ಮೂರು ವರ್ಷದ ಎಂಜಿನಿಯರಿಂಗ್ ಡಿಪ್ಲೊಮಾ ಬೇಕು. ಅದೇ ಭಾರತೀಯ ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ (ರೈಲು ಚಾಲಕರ ಸಹಾಯಕ) ಹುದ್ದೆಗೆ ಐಟಿಐ ಆದವರೂ ಹಾಕಬಹುದು, ಡಿಪ್ಲೊಮಾ ಆದವರೂ ಹಾಕಬಹುದು. ಆದರೆ ಎಲ್ಲ ಟ್ರೇಡೂ ನಡೆಯುವುದಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಡೀಸೆಲ್ ಮೆಕ್ಯಾನಿಕ್ ಎಲ್ಲ ಇವೆ. ಕಂಪ್ಯೂಟರ್ ಟ್ರೇಡ್ ಆದ ಕೋಪಾ ಇಲ್ಲ. ರಾಜ್ಯದ ವಿದ್ಯುತ್ ಕಂಪನಿ ಕೆಪಿಟಿಸಿಎಲ್ ಕಡೆ ಜೂನಿಯರ್ ಪವರ್‌ಮ್ಯಾನ್‌ಗೆ ಎಸ್ಸೆಸ್ಸೆಲ್ಸಿ ಸಾಕು, ಕಂಬ ಹತ್ತಿ ತೋರಿಸಬೇಕು. ಜೂನಿಯರ್ ಎಂಜಿನಿಯರ್‌ಗೆ ಎಲೆಕ್ಟ್ರಿಕಲ್ ಡಿಪ್ಲೊಮಾ ಬೇಕು. ಕಚೇರಿ ಕೆಲಸ ಬೇಕೆನ್ನುವವರಿಗೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ ಮಟ್ಟದ್ದು, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಮತ್ತು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಡಿಗ್ರಿ ಮಟ್ಟದವು. ಎರಡೇ ನೋಟಿಫಿಕೇಶನ್ ಓದಿದರೂ ಮಗುವಿಗೆ ಒಂದು ಸ್ಪಷ್ಟತೆ ಬರುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಲ್ಲರಿಗೂ ಸರ್ಕಾರಿ ಕೆಲಸ ಸಿಗುವುದಿಲ್ಲ, ಅದು ಗೊತ್ತಿರುವ ವಿಷಯ. ಖಾಸಗಿ ಕೆಲಸಕ್ಕೂ ದಾರಿ ಇದೇ. ಮಗುವನ್ನು ಕರೆದುಕೊಂಡು ಒಂದು ಬೆಳಗ್ಗೆ ಪೀಣ್ಯ ಕೈಗಾರಿಕಾ ಪ್ರದೇಶದ ಒಳಗಿನ ರಸ್ತೆಗಳಲ್ಲಿ ನಡೆಯಿರಿ. ಸಣ್ಣ ಕಾರ್ಖಾನೆಗಳ ಗೇಟಿನ ಮೇಲೆ 'ಬೇಕಾಗಿದ್ದಾರೆ' ಅಂತ ಬೋರ್ಡು ನೇತಾಡುತ್ತಿರುತ್ತದೆ. ಕಂಪ್ಯೂಟರ್ ನಿಯಂತ್ರಣದ ಮೆಷಿನ್ ನಡೆಸುವ ಸಿಎನ್‌ಸಿ ಆಪರೇಟರ್, ವಿಎಂಸಿ ಸೆಟ್ಟರ್, ಕ್ವಾಲಿಟಿ ಇನ್‌ಸ್ಪೆಕ್ಟರ್, ಅಕೌಂಟೆಂಟ್. ಪಕ್ಕದಲ್ಲೇ ಐಟಿಐ, ಡಿಪ್ಲೊಮಾ, ಬಿ.ಕಾಂ. ಅಂತ ಬರೆದಿರುತ್ತಾರೆ. ಸೆಕ್ಯೂರಿಟಿ ಅಣ್ಣನನ್ನು ವಿಚಾರಿಸಿದರೆ ಹೊಸಬರಿಗೆ ಸಂಬಳ ಎಷ್ಟು, ಶಿಫ್ಟ್ ಹೇಗೆ ಅಂತ ಹೇಳಿಯೇ ಹೇಳುತ್ತಾರೆ. ಆಸ್ಪತ್ರೆ ಕೆಲಸ ಬೇಕೆನ್ನುವ ಮಗುವಾದರೆ ಹತ್ತಿರದ ಲ್ಯಾಬಿಗೆ ಹೋಗಿ, ಅಲ್ಲಿ ರಕ್ತ ತೆಗೆಯುವವರು ಏನು ಓದಿದ್ದಾರೆ ಅಂತ ಕೇಳಿ. ಕಾಲೇಜಿನ ಏಜೆಂಟ್ ಹೇಳುವ ಮಾತಿಗಿಂತ ಇದು ನೂರು ಪಾಲು ವಾಸಿ.

ಇನ್ನು ಕೋರ್ಸುಗಳ ವಿಷಯ.

ಐಟಿಐ ಅಂದರೆ ಇವತ್ತಿಗೂ ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದು ಸ್ವಲ್ಪವೂ ಹಿಡಿಸುವುದಿಲ್ಲ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ ಟ್ರೇಡುಗಳು. ವೆಲ್ಡರ್, ಕೋಪಾ ಒಂದೊಂದು ವರ್ಷ. ಮುಗಿದ ಮೇಲೆ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್ ಬರುತ್ತದೆ, ದೇಶದ ಯಾವ ಮೂಲೆಯಲ್ಲಾದರೂ ನಡೆಯುತ್ತದೆ. ಆಮೇಲೆ ಅಪ್ರೆಂಟಿಸ್ ಮಾಡುವುದನ್ನು ಮಾತ್ರ ಬಿಡಬೇಡಿ. ಎಚ್‌ಎಎಲ್, ಬಿಇಎಲ್ ಎರಡೂ ನಮ್ಮ ಊರಲ್ಲೇ ಇವೆ, ಎರಡೂ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುತ್ತಾರೆ. ಸ್ಟೈಪೆಂಡ್ ಕೊಡುತ್ತಾರೆ. ಅಂಥ ಕಡೆ ಒಂದು ವರ್ಷ ಕೈಕೆಲಸ ಕಲಿತು ಬಂದ ಮಗು ಮಾತಾಡುವ ರೀತಿಯೇ ಬೇರೆ ಆಗಿರುತ್ತದೆ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದರು. ನೀವು ನೋಡುತ್ತಿರುವ ಐಟಿಐ ಆ ಪಟ್ಟಿಯಲ್ಲಿದೆಯೇ ಅಂತ ವಿಚಾರಿಸಿ. ಇದ್ದರೆ ಹೊಸ ಮೆಷಿನ್‌ಗಳ ಮೇಲೆ ಕಲಿಯುವ ಅವಕಾಶ ಇರುತ್ತದೆ.

ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ. ಸರ್ಕಾರಿ ಪಾಲಿಟೆಕ್ನಿಕ್ ಸಿಕ್ಕರೆ ಫೀಸು ತುಂಬ ಕಡಿಮೆ. ಕೆ.ಆರ್. ಸರ್ಕಲ್ ಬಳಿಯ ಎಸ್‌.ಜೆ. ಪಾಲಿಟೆಕ್ನಿಕ್ ನಮ್ಮ ನಗರದ ಹಳೆಯ ಸಂಸ್ಥೆಗಳಲ್ಲಿ ಒಂದು. ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು ಕ್ಯಾಮೆರಾ ಕೆಲಸ ಕಲಿತದ್ದು ಅಲ್ಲಿಯೇ. ಡಿಪ್ಲೊಮಾ ಅಂದರೆ ಕಡಿಮೆ ಅಂತ ಯಾರಾದರೂ ಅಂದರೆ ಈ ಹೆಸರು ಹೇಳಿ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿರುವ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಮ್, ಅಂದರೆ ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಉಪಕರಣ ಮಾಡುವುದನ್ನು ಕಲಿಸುವ ಜಾಗ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷ. ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಕೈಯಲ್ಲಿ ಏನಾದರೂ ಬಿಚ್ಚಿ ಜೋಡಿಸುವ ಹುಚ್ಚು ಇರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಪೀಣ್ಯದಲ್ಲಿ ಎನ್‌ಟಿಟಿಎಫ್ ಇದೆ. ಅಲ್ಲಿಯೂ ಕಲಿಕೆ ಗಟ್ಟಿ, ಆದರೆ ಫೀಸು ಸರ್ಕಾರಿಗಿಂತ ಜಾಸ್ತಿ.

ಈಗ ಬಹಳ ಜನ ಲೆಕ್ಕ ಹಾಕದ ಒಂದು ವಿಷಯ. ಪಿಯುಸಿ ಎರಡು ವರ್ಷ, ಆಮೇಲೆ ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ ಮಾಡಿ ಡಿಸಿಇಟಿ (ಡಿಪ್ಲೊಮಾ ಆದವರಿಗಿರುವ ಪ್ರವೇಶ ಪರೀಕ್ಷೆ) ಬರೆದರೆ ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು, ಅದು ಇನ್ನು ಮೂರು ವರ್ಷ. ಇದೂ ಒಟ್ಟು ಆರೇ. ವ್ಯತ್ಯಾಸ ಏನು ಗೊತ್ತಾ? ಮನೆಯಲ್ಲಿ ಮಧ್ಯದಲ್ಲಿ ಏನಾದರೂ ಕಷ್ಟ ಬಂದು ಓದು ನಿಂತರೆ, ಎರಡನೇ ದಾರಿಯಲ್ಲಿ ಬಂದ ಮಗುವಿನ ಕೈಯಲ್ಲಿ ಡಿಪ್ಲೊಮಾ ಇರುತ್ತದೆ, ಕೆಲಸಕ್ಕೆ ಹೋಗಬಹುದು. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ಸೈನ್ಸ್ ಆದವರಿಗೂ ಆ ಅವಕಾಶ ಇದೆ. ಐಟಿಐಯಿಂದ ಹತ್ತುತ್ತಾ ಹೋದರೂ ಏಳು ವರ್ಷಕ್ಕೆ ಬಿ.ಇ. ಮುಗಿಯುತ್ತದೆ. ದುಡಿಯುವ ಮನೆಗಳ ಮಕ್ಕಳಿಗೆ ನಾನು ಯಾವಾಗಲೂ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಕೊಡುತ್ತೇನೆ. ಯಾವ ಕೋರ್ಸ್ ನೋಡಿದರೂ 'ಇದರಿಂದ ಮುಂದೆ ಎಲ್ಲಿಗೆ ಹೋಗಬಹುದು?' ಅಂತ ಕೇಳಿ. ಉತ್ತರ ಇಲ್ಲದ ಕೋರ್ಸಿಗೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸಿ.

ಡಿಗ್ರಿ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ, ಎಲ್ಲರಿಗೂ ಗೊತ್ತಿದೆ. 2024ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಯೇ ಬಂದಿದೆ. ಬಿಸಿಎ, ಬಿಬಿಎ ಸೇರುವವರು ಒಂದು ನೋಡಿಕೊಳ್ಳಿ. 2024-25ರಿಂದ ಈ ಕೋರ್ಸುಗಳಿಗೂ ಎಐಸಿಟಿಇ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ) ಒಪ್ಪಿಗೆ ಬೇಕು ಅಂತ ಆಗಿದೆ. ಕಾಲೇಜಿಗೆ ಅದು ಇದೆಯೇ ಅಂತ ಕೇಳಿ. ಬಿ.ಕಾಂ. ಮಾಡುವ ಮಕ್ಕಳಿಗೆ ನನ್ನ ಮಾತು ಇಷ್ಟೇ. ಡಿಗ್ರಿ ಒಂದನ್ನೇ ನಂಬಿ ಕೂರಬೇಡಿ. ಎರಡನೇ ವರ್ಷದಲ್ಲೇ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್ ಹಾಕುವುದು ಕಲಿಯಿರಿ. ಹತ್ತಿರದ ಆಡಿಟರ್ ಆಫೀಸಿನಲ್ಲಿ ಸಂಜೆ ಹೊತ್ತು ಕೂರಲು ಬಿಡುತ್ತಾರೆಯೇ ಕೇಳಿ.

ಡಿಗ್ರಿಗೂ ಸರ್ಟಿಫಿಕೇಟಿಗೂ ನಡುವೆ ಇನ್ನೊಂದು ದಾರಿ ಇದೆ, ಕೇಳಿದವರು ಕಡಿಮೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿಯ ಬಿ.ವೋಕ್., ಅಂದರೆ ವೃತ್ತಿಪರ ಡಿಗ್ರಿ. ಮೊದಲ ವರ್ಷ ಮುಗಿಸಿ ಬಿಟ್ಟರೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರೂ ಮುಗಿಸಿದರೆ ಡಿಗ್ರಿ. ಅದೇ ಯುಜಿಸಿಯ ಕಮ್ಯೂನಿಟಿ ಕಾಲೇಜು ಯೋಜನೆಯಲ್ಲಿ ಕೆಲವು ಮಾಮೂಲಿ ಕಾಲೇಜುಗಳ ಒಳಗೇ ಡಿಪ್ಲೊಮಾ, ಸರ್ಟಿಫಿಕೇಟ್ ಕೋರ್ಸುಗಳನ್ನು ಶುರು ಮಾಡಿದರು. ಇವುಗಳಿಗೆ ಸೇರುವಾಗ ಒಂದು ಎಚ್ಚರಿಕೆ. ಈ ವರ್ಷ ಬ್ಯಾಚ್ ನಿಜವಾಗಿ ನಡೆಯುತ್ತಿದೆಯೇ, ತರಬೇತಿ ಕೊಡುವ ಕಂಪನಿ ಯಾವುದು, ಮಾರ್ಕ್ಸ್ ಕಾರ್ಡ್ ಕೊಡುವ ವಿಶ್ವವಿದ್ಯಾಲಯ ಯಾವುದು, ಈ ಮೂರನ್ನು ಕಾಲೇಜಿನ ಆಫೀಸಿನಲ್ಲೇ ಕೇಳಿ. ಫೋನಿನಲ್ಲಿ ಬೇಡ.

ಮೂರು ತಿಂಗಳು, ಆರು ತಿಂಗಳ ಸರ್ಟಿಫಿಕೇಟ್ ಕೋರ್ಸುಗಳನ್ನು ನಾನು ಬೇಡ ಅನ್ನುವುದಿಲ್ಲ. ಈಗಾಗಲೇ ಒಂದು ಓದು ಕೈಯಲ್ಲಿರುವವರಿಗೆ ಅವು ಬಹಳ ಉಪಯೋಗ. ಫಿಟ್ಟರ್ ಆದ ಹುಡುಗ ಸಿಎನ್‌ಸಿ ಪ್ರೋಗ್ರಾಮಿಂಗ್ ಕಲಿತರೆ ಸಂಬಳ ಏರುತ್ತದೆ. ಜಿಟಿಟಿಸಿಯಲ್ಲೇ ಅಂಥ ಸಣ್ಣ ಕೋರ್ಸುಗಳಿವೆ. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಬರೀ ಆರು ತಿಂಗಳ ಕೋರ್ಸ್ ನಂಬಿ ಓದು ನಿಲ್ಲಿಸುವುದು ನನಗೆ ಸಂಕಟ ತರುತ್ತದೆ. ಅದರಲ್ಲೂ ನರ್ಸಿಂಗ್ ಹೆಸರಿನಲ್ಲಿ. ಆರು ತಿಂಗಳ ಕೋರ್ಸ್ ಮಾಡಿದವರು ನೋಂದಾಯಿತ ನರ್ಸ್ ಆಗುವುದಿಲ್ಲ. ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಆಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. ಬಿಳಿ ಕೋಟು ಹಾಕಿ ಫೋಟೋ ತೆಗೆಸಿಕೊಟ್ಟರೆ ಮರುಳಾಗಬೇಡಿ. ಆ ಹೆಣ್ಣುಮಕ್ಕಳು ಮುಂದೆ ಎಷ್ಟು ವರ್ಷ ದುಡಿದರೂ ನರ್ಸ್ ಹುದ್ದೆಗೆ ಅರ್ಜಿ ಹಾಕಲು ಆಗುವುದಿಲ್ಲ.

ಇದರಿಂದ ಮುಖ್ಯ ಪ್ರಶ್ನೆಗೆ ಬರುತ್ತೇವೆ. ಸರ್ಟಿಫಿಕೇಟ್ ಕೊಡುವವರು ಯಾರು? ಕಾಲೇಜಿನ ಹೆಸರಲ್ಲ, ಕೆಳಗೆ ಸಹಿ ಹಾಕುವ ಮಂಡಳಿ ಅಥವಾ ವಿಶ್ವವಿದ್ಯಾಲಯದ ಹೆಸರು. ಪಾಲಿಟೆಕ್ನಿಕ್ ಆದರೆ ರಾಜ್ಯದ ತಾಂತ್ರಿಕ ಪರೀಕ್ಷಾ ಮಂಡಳಿ. ಐಟಿಐ ಆದರೆ ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯ (ಡಿಜಿಟಿ), ಹಳೆಯ ಸರ್ಟಿಫಿಕೇಟುಗಳಲ್ಲಿ ಎನ್‌ಸಿವಿಟಿ ಅಂತ ಇರುತ್ತದೆ. ಡಿಗ್ರಿ ಆದರೆ ಯುಜಿಸಿ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿಯೇ ಹಾಕುತ್ತದೆ, ಒಮ್ಮೆ ನೋಡಿಬಿಡಿ. ಹಳೆಯ ಬ್ಯಾಚಿನ ಒಬ್ಬರ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ತೋರಿಸಿ ಅಂತ ಧೈರ್ಯವಾಗಿ ಕೇಳಿ. ನಿಜವಾದ ಕಾಲೇಜು ತೋರಿಸುತ್ತದೆ. 'ಒಂದೇ ವರ್ಷದಲ್ಲಿ ಡಿಗ್ರಿ' ಅಂತ ಗೋಡೆ ಮೇಲೆ ಅಂಟಿಸಿರುವ ನಂಬರಿಗೆ ಫೋನ್ ಮಾಡಲೇಬೇಡಿ. ಕೆಲಸ ಮಾಡುತ್ತಾ ಓದಬೇಕು ಅಂದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ಇಗ್ನೋ ಇದೆ. ಎರಡಕ್ಕೂ ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ. ದೂರಶಿಕ್ಷಣದಲ್ಲಿ ಸೇರುವಾಗ ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ಒಪ್ಪಿಗೆ ಇದೆಯೇ ಅಂತ ನೋಡಬೇಕು.

ಸೇರುವ ಮೊದಲು ಕಾಲೇಜಿಗೆ ಹೋಗಿ ಬನ್ನಿ, ಕ್ಲಾಸ್ ನಡೆಯುವ ದಿನವೇ ಹೋಗಿ. ಆಫೀಸಿನಲ್ಲಿ ಕೂರಿಸಿ ಕಾಫಿ ಕೊಡುವುದು ಇರಲಿ, ವರ್ಕ್‌ಶಾಪ್ ತೋರಿಸಿ ಅನ್ನಿ. ಮೆಷಿನ್ ಮೇಲೆ ಬಟ್ಟೆ ಹೊದಿಸಿದ್ದಾರೆಯೇ, ಕೆಳಗೆ ಲೋಹದ ಪುಡಿ ಬಿದ್ದಿದೆಯೇ ನೋಡಿ. ಪುಡಿ ಬಿದ್ದಿದ್ದರೆ ಸಂತೋಷ, ಮಕ್ಕಳು ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ. ಗೇಟಿನ ಹೊರಗೆ ಟೀ ಕುಡಿಯುವ ಕೊನೆಯ ವರ್ಷದ ಮಕ್ಕಳನ್ನು ಮಾತಾಡಿಸಿ. ಲೆಕ್ಚರರ್ ಎಲ್ಲ ಸಬ್ಜೆಕ್ಟಿಗೂ ಇದ್ದಾರಾ? ಹೋದ ವರ್ಷದವರು ಈಗ ಎಲ್ಲಿದ್ದಾರೆ? 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತ ಬ್ಯಾನರ್ ಹಾಕಿದ್ದರೆ ಕಂಪನಿಯ ಹೆಸರು, ಕೆಲಸದ ಹೆಸರು, ಸಂಬಳ ಬರೆದುಕೊಡಿ ಅನ್ನಿ.

ದೂರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಗ್ಗೆರೆಯಿಂದ ಊರಿನ ಇನ್ನೊಂದು ತುದಿಯ ಕಾಲೇಜಿಗೆ ಸೀಟು ಸಿಕ್ಕಿತು ಅಂತ ಖುಷಿಯಲ್ಲಿ ಸೇರಿ, ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆದು, ಎರಡನೇ ಸೆಮಿಸ್ಟರಿಗೆ ಬಿಟ್ಟ ಮಕ್ಕಳಿದ್ದಾರೆ. ಸೀಟು ಆಯ್ಕೆ ಮಾಡುವ ಮೊದಲು ಒಂದು ಸೋಮವಾರ ಬೆಳಗ್ಗೆ ಆ ದಾರಿಯಲ್ಲಿ ಹೋಗಿ ಬನ್ನಿ. ಭಾನುವಾರ ಹೋದರೆ ಲೆಕ್ಕ ತಪ್ಪುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಿಎಂಟಿಸಿ ಮಾಮೂಲಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ, ಅದೊಂದು ದೊಡ್ಡ ಆಸರೆ. ಗಂಡುಮಕ್ಕಳು ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಬೇಕು.

ಹೆಣ್ಣುಮಕ್ಕಳ ಮಾತು ಬಂದಿದ್ದಕ್ಕೆ ಹೇಳುತ್ತೇನೆ. "ಅವಳಿಗೆ ಹತ್ತಿರದ ಕಾಲೇಜಿನಲ್ಲಿ ಯಾವುದೋ ಒಂದು ಹಾಕಿಬಿಡಿ" ಅಂತ ಅಪ್ಪಂದಿರು ಹೇಳುವಾಗ ಪಕ್ಕದಲ್ಲಿ ಮಗಳು ಸುಮ್ನೆ ನಿಂತಿರುತ್ತಾಳೆ. ನಾನು ಕಂಪ್ಯೂಟರ್ ಬಿಟ್ಟು ಅವಳ ಕಡೆ ತಿರುಗಿ ಕೇಳುತ್ತೇನೆ, "ನಿನಗೆ ಏನು ಇಷ್ಟ ಮಗಳೇ?" ಹೀಗೆ ಕೇಳಿದಾಗ ಒಬ್ಬಳು ಎಲೆಕ್ಟ್ರಿಕಲ್ ಅಂದಳು. ಅಪ್ಪ ಬೆರಗಾದರು. ಅವರೇ ವೈರಿಂಗ್ ಕೆಲಸ ಮಾಡುವವರು, ರಜೆಯಲ್ಲಿ ಮಗಳು ಜೊತೆಗೆ ಹೋಗಿ ಸ್ವಿಚ್ ಬೋರ್ಡ್ ಕೂರಿಸುವುದನ್ನು ಕಲಿತಿದ್ದಳು. ಈಗ ಅವಳು ಡಿಪ್ಲೊಮಾ ಓದುತ್ತಿದ್ದಾಳೆ. ಮೂರು ವರ್ಷ ಕೂತು ಓದಬೇಕಾದವರು ಮಕ್ಕಳು. ಅವರಿಗೆ ಇಷ್ಟ ಇಲ್ಲದ್ದನ್ನು ನಾವು ಎಷ್ಟು ಲೆಕ್ಕ ಹಾಕಿ ಆರಿಸಿದರೂ ನಡೆಯುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದರಿಂದ ಹತ್ತನೇ ಕ್ಲಾಸಿನವರೆಗಿನ ಕನ್ನಡ ಮಾಧ್ಯಮ ಪ್ರಮಾಣಪತ್ರ, ಹಳ್ಳಿಯಲ್ಲಿ ಓದಿದವರು ಗ್ರಾಮೀಣ ಪ್ರಮಾಣಪತ್ರ ಶಾಲೆಯಿಂದ ಈಗಲೇ ತಂದಿಟ್ಟುಕೊಳ್ಳಿ. ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಸೀಟು ಹಂಚಿಕೆಯಲ್ಲಿ ಗ್ರಾಮೀಣಕ್ಕೆ ನೂರಕ್ಕೆ 15, ಕನ್ನಡ ಮಾಧ್ಯಮಕ್ಕೆ ನೂರಕ್ಕೆ 5 ಮೀಸಲು ಇದೆ. ಶಾಲೆ ಊರಲ್ಲಿದ್ದು ನೀವು ಬೆಂಗಳೂರಲ್ಲಿದ್ದರೆ ಕೊನೇ ದಿನ ಓಡಾಡಲು ಆಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಹೆಸರು ನೋಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿಯಲ್ಲಿ ಹಾಕುವ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೆ ಆಧಾರ್ ತಿದ್ದಿಸಿ. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಲಿ, ಅದಕ್ಕೆ ಆಧಾರ್ ಜೋಡಣೆ ಆಗಿರಲಿ. ಹಣ ಅಲ್ಲಿಗೇ ಬರುವುದು. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಅರ್ಜಿಯಲ್ಲಿ ಕೇಳುತ್ತಾರೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ರಿಸಲ್ಟ್ ಬರುವ ಮೊದಲೇ ಹೊಸದು ಮಾಡಿಸಿ. ಅರ್ಜಿಗೆ ಕೊಟ್ಟ ಮೊಬೈಲ್ ನಂಬರ್ ಓದು ಮುಗಿಯುವವರೆಗೆ ಬದಲಾಯಿಸಬೇಡಿ. ಓಟಿಪಿ ಆ ನಂಬರಿಗೇ ಬರುತ್ತದೆ.

ಕಾಲೇಜಿನವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ. ನೋಡಿ, ಸರಿಯಾಗಿದೆ ಅಂತ ಖಚಿತ ಮಾಡಿಕೊಂಡು ವಾಪಸ್ ಕೊಡಬೇಕು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಸೀಟು ಬಿಟ್ಟರೆ ಫೀಸು ವಾಪಸ್ ಕೊಡುವುದಕ್ಕೂ ಯುಜಿಸಿ ನಿಯಮ ಇದೆ. 2024-25ಕ್ಕೆ ಸೆಪ್ಟೆಂಬರ್ 30ರ ಒಳಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ 31ರ ಒಳಗೆ ಬಿಟ್ಟರೆ ಹೆಚ್ಚೆಂದರೆ ಸಾವಿರ ರೂಪಾಯಿ ಕಡಿತ ಅಂತ ಇತ್ತು. ನೀವು ಸೇರುವ ವರ್ಷದ ತಾರೀಖು ಏನು ಅಂತ ನೋಡಿಕೊಳ್ಳಿ. ಸೀಟು ಬಿಡುವುದಾದರೆ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಕಟ್ಟಿದ ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿರುವ ರಸೀದಿ ಕೇಳಿ. ಏಜೆಂಟ್ ಕೈಗೆ ನಗದು ಕೊಡಬೇಡಿ, ಅವರ ಫೋನ್‌ಪೇಗೂ ಹಾಕಬೇಡಿ. ರಸೀದಿಯ ಫೋಟೋ ತೆಗೆದು ಮನೆಯವರ ಎರಡು ಫೋನಿನಲ್ಲಿ ಇಟ್ಟುಕೊಳ್ಳಿ, ಅರ್ಜಿ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿಡಿ.